ತೀವ್ರ ಅಸ್ತಮಾ ಮತ್ತು ಹೃದಯದ ಅಪಾಯ: 52 ವರ್ಷದ ಮಹಿಳೆಯ ಪ್ರಕರಣ ಅಧ್ಯಯನ

ತೀವ್ರ ಅಸ್ತಮಾ ಇರುವವರಿಗೆ ಎದೆ ಬಿಗಿಯಾದಾಗ ರೋಗಿಗೂ ವೈದ್ಯರಿಗೂ ಮೊದಲು ನೆನಪಾಗುವುದು ಶ್ವಾಸನಾಳವೇ. ವರ್ಷಗಟ್ಟಲೆ ಅದೇ ಬಿಗಿತ, ಅದೇ ಏದುಸಿರು, ಅದೇ ಇನ್ಹೇಲರ್ ಎಂದು ಬದುಕಿದವರಲ್ಲಿ ಇದು ಸಹಜ. ಆದರೆ ಇದೇ ರೋಗಿಗಳಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯೂ ಹೆಚ್ಚಾಗಿ ಕಾಣಿಸುತ್ತದೆ ಎಂಬುದನ್ನು ದೊಡ್ಡ ಅಧ್ಯಯನಗಳು ತೋರಿಸಿವೆ. ಹಾಗಿದ್ದರೂ ಹೃದಯದ ಅಪಾಯವನ್ನು ಅಳೆಯುವ ಬಹುಪಾಲು ಸೂತ್ರಗಳಲ್ಲಿ ಅಸ್ತಮಾಕ್ಕೆ ಜಾಗವೇ ಇಲ್ಲ. ಹೀಗಾಗಿ ಈ ಅಪಾಯವನ್ನು ಯಾರಾದರೂ ಬೇಕೆಂದೇ ಹುಡುಕಬೇಕು; ತಾನಾಗಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ವಿವರಿಸಿರುವುದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಡತವಲ್ಲ, ಚಿಕಿತ್ಸೆಯಲ್ಲಿ ಎದುರಾಗುವ ಸಂದರ್ಭಗಳನ್ನು ಒಬ್ಬ ರೋಗಿಯ ರೂಪದಲ್ಲಿ ಒಟ್ಟುಗೂಡಿಸಿ ಅಧ್ಯಯನಕ್ಕಾಗಿ ರಚಿಸಿದ ಪ್ರಕರಣ.

ರೋಗಿಯ ಹಿನ್ನೆಲೆ

ರೋಗಿ 52 ವರ್ಷದ ಶಾಲಾ ಶಿಕ್ಷಕಿ. ಎಂದೂ ಧೂಮಪಾನ ಮಾಡಿದವರಲ್ಲ. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಯಾರೂ ಇಲ್ಲ. ಅಸ್ತಮಾ ಶುರುವಾದದ್ದು 32ನೇ ವಯಸ್ಸಿನಲ್ಲಿ, ಮೊದಲು ಮೂಗು ಕಟ್ಟುವುದು, ವಾಸನೆ ತಿಳಿಯದಿರುವುದು, ಆಮೇಲೆ ಉಬ್ಬಸ ಎಂಬ ಕ್ರಮದಲ್ಲಿ. ಮೂಗಿನೊಳಗೆ ಬೆಳೆಯುವ ಮೃದು ಗಂಟುಗಳಾದ ಪಾಲಿಪ್‌ಗಳಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿತ್ತು. ಕೆಲವು ವರ್ಷಗಳ ಹಿಂದೆ ತಲೆನೋವಿಗೆಂದು ಐಬುಪ್ರೊಫೆನ್ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕಣ್ಣು ಮೂಗು ಸುರಿದು, ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದರು. ಆ ಘಟನೆ ಕಡತದಲ್ಲಿ ‘ನೋವಿನ ಮಾತ್ರೆ ಆಗುವುದಿಲ್ಲ’ ಎಂಬ ಒಂದು ಸಾಲಾಗಿ ಉಳಿದಿತ್ತು.

ಯುರೋಪ್ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2014ರಲ್ಲಿ ಜಂಟಿಯಾಗಿ ನೀಡಿದ ವ್ಯಾಖ್ಯೆಯ ತಿರುಳು ಹೀಗಿದೆ: ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್‌ನ ಹೆಚ್ಚಿನ ಪ್ರಮಾಣದ ಜೊತೆಗೆ ಎರಡನೆಯ ನಿಯಂತ್ರಕ ಔಷಧವೂ ಬೇಕಾಗುವ, ಅಥವಾ ಅಷ್ಟು ಕೊಟ್ಟರೂ ಹಿಡಿತಕ್ಕೆ ಬಾರದ ಅಸ್ತಮಾವೇ ತೀವ್ರ ಅಸ್ತಮಾ. ಒಟ್ಟು ಅಸ್ತಮಾ ರೋಗಿಗಳಲ್ಲಿ ಇಂಥವರು ಸುಮಾರು ಶೇ 5ರಿಂದ 10ರಷ್ಟು. ಈ ರೋಗಿ ಆ ಗುಂಪಿನಲ್ಲಿದ್ದರು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಮತ್ತು ದೀರ್ಘಕಾಲ ಕೆಲಸ ಮಾಡುವ ಶ್ವಾಸನಾಳ ಹಿಗ್ಗಿಸುವ ಔಷಧ ಸೇರಿದ ಇನ್ಹೇಲರ್, ಅಸ್ತಮಾದ ಇತರ ಔಷಧಗಳಾದ ಟಿಯೊಟ್ರೋಪಿಯಂ, ಮಾಂಟೆಲುಕಾಸ್ಟ್, ಥಿಯೊಫಿಲಿನ್ ಮಾತ್ರೆ, ಇವೆಲ್ಲದರ ಮೇಲೆ ಎರಡು ವರ್ಷಗಳಿಂದ ದಿನಕ್ಕೆ 7.5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿತ್ತು. ಕಳೆದ ಒಂದು ವರ್ಷದಲ್ಲಿ ಉಲ್ಬಣಗಳಿಗಾಗಿ ಐದು ಬಾರಿ ಹೆಚ್ಚುವರಿ ಸ್ಟೀರಾಯ್ಡ್ ಮಾತ್ರೆಗಳ ಸರಣಿ ಕೊಡಲಾಗಿತ್ತು. ತಕ್ಷಣದ ಉಪಶಮನಕ್ಕೆ ಬಳಸುವ ಸಾಲ್ಬುಟಮಾಲ್ ಇನ್ಹೇಲರ್ ತಿಂಗಳಿಗೊಂದರಂತೆ ಖಾಲಿಯಾಗುತ್ತಿತ್ತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಡಬ್ಬಿ ಬಳಸುವವರಲ್ಲಿ ಉಲ್ಬಣದ ಅಪಾಯ ಹೆಚ್ಚುತ್ತದೆ, ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೇ ಹೆಚ್ಚುತ್ತದೆ ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ ಎಚ್ಚರಿಸುತ್ತದೆ.

ಸ್ಟೀರಾಯ್ಡ್ ಮಾತ್ರೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ದಿನಕ್ಕೆ 7.5 ಮಿ.ಗ್ರಾಂ. ಎಂಬುದು ಕಿವಿಗೆ ಚಿಕ್ಕದಾಗಿ ಕೇಳಿಸುತ್ತದೆ. ವರ್ಷಕ್ಕೆ ಅದು 2,700 ಮಿ.ಗ್ರಾಂ. ದಾಟುತ್ತದೆ. ಜೀವಮಾನದಲ್ಲಿ ಒಟ್ಟು 500ರಿಂದ 1,000 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಸೇರಿದ ಹಂತದಿಂದಲೇ ಮಧುಮೇಹ, ರಕ್ತದೊತ್ತಡ, ಮೂಳೆ ಸವೆತ ಮುಂತಾದ ದುಷ್ಪರಿಣಾಮಗಳು ಹೆಚ್ಚತೊಡಗುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಈ ರೋಗಿ ಆ ಗಡಿಯನ್ನು ಎಂದೋ ದಾಟಿದ್ದರು. ಎರಡು ವರ್ಷಗಳಲ್ಲಿ ತೂಕ 9 ಕಿಲೋ ಏರಿತ್ತು, ರಕ್ತದೊತ್ತಡ 146/92 ಆಗಿತ್ತು, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 148 ಇತ್ತು, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಶೇ 6.3 ಇತ್ತು. ಇವುಗಳಲ್ಲಿ ಒಂದೊಂದನ್ನೂ ಬೇರೆ ಬೇರೆ ಭೇಟಿಯಲ್ಲಿ ಬೇರೆ ಬೇರೆಯವರು ನೋಡಿ ‘ಸ್ಟೀರಾಯ್ಡ್‌ನಿಂದ ಸ್ವಲ್ಪ ಹೆಚ್ಚಾಗಿದೆ’ ಎಂದು ಬರೆದಿದ್ದರು. ಯಾವುದಕ್ಕೂ ಚಿಕಿತ್ಸೆ ಶುರುವಾಗಿರಲಿಲ್ಲ.

ಮೂರು ವಾರಗಳ ಎದೆಬಿಗಿತ

ಮೂರು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆಯ ನಡುಭಾಗ ಬಿಗಿದು, ಎಡ ದವಡೆಯವರೆಗೆ ಭಾರವಾದಂತೆ ಆಗುತ್ತಿತ್ತು. ಅಂಥ ಹೊತ್ತಿನಲ್ಲಿ ಅವರು ನಿಂತು, ಎರಡು ಬಾರಿ ಸಾಲ್ಬುಟಮಾಲ್ ಎಳೆದುಕೊಂಡು, ಕೆಳಗೆ ಕೂರುತ್ತಿದ್ದರು. ಐದಾರು ನಿಮಿಷಗಳಲ್ಲಿ ಬಿಗಿತ ಇಳಿಯುತ್ತಿತ್ತು. ಹೀಗಾಗಿ ‘ಇನ್ಹೇಲರ್‌ನಿಂದ ವಾಸಿಯಾಗುತ್ತದೆ, ಆದ್ದರಿಂದ ಅಸ್ತಮಾವೇ’ ಎಂಬ ತೀರ್ಮಾನ ಗಟ್ಟಿಯಾಯಿತು. ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ತಿರುವು ಇದು. ಶ್ರಮದಿಂದ ಬರುವ ಹೃದಯದ ನೋವು, ಅಂದರೆ ಆಂಜೈನಾ, ವಿಶ್ರಾಂತಿ ಪಡೆದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಸಾಲ್ಬುಟಮಾಲ್ ಕೆಲಸ ಶುರುಮಾಡುವುದಕ್ಕೂ ಸರಿಸುಮಾರು ಅಷ್ಟೇ ಹೊತ್ತು ಬೇಕು. ವಾಸಿ ಮಾಡಿದ್ದು ಕೂತದ್ದು. ಹೆಸರು ಬಂದದ್ದು ಇನ್ಹೇಲರ್‌ಗೆ. ಅಷ್ಟೇ ಅಲ್ಲ, ಸಾಲ್ಬುಟಮಾಲ್ ಹೃದಯ ಬಡಿತವನ್ನು ಏರಿಸಿ ಹೃದಯಕ್ಕೆ ಬೇಕಾದ ಆಮ್ಲಜನಕದ ಪ್ರಮಾಣವನ್ನೂ ಹೆಚ್ಚಿಸುವುದರಿಂದ, ಕಿರಿದಾದ ರಕ್ತನಾಳವಿರುವವರಲ್ಲಿ ಅದು ತೊಂದರೆಗೆ ಇನ್ನಷ್ಟು ಎಡೆ ಮಾಡಬಲ್ಲದು.

ಉತ್ತರ ಅವರ ಕೈಚೀಲದಲ್ಲೇ ಇತ್ತು. ಅವರು ಉಸಿರನ್ನು ಎಷ್ಟು ರಭಸವಾಗಿ ಊದಬಹುದೆಂದು ಅಳೆಯುವ ಪೀಕ್ ಫ್ಲೋ ಮೀಟರ್‌ನ ಅಳತೆಗಳನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದಿಡುತ್ತಿದ್ದರು. ಅವರ ಅತ್ಯುತ್ತಮ ಅಳತೆ ನಿಮಿಷಕ್ಕೆ 380 ಲೀಟರ್. ಹಿಂದಿನ ಉಲ್ಬಣದ ದಿನಗಳಲ್ಲಿ ಅದು 210ಕ್ಕೆ ಇಳಿದದ್ದು, ಪಕ್ಕದಲ್ಲಿ ‘ರಾತ್ರಿ ಎಚ್ಚರ, ಕೆಮ್ಮು’ ಎಂದು ಬರೆದದ್ದು ಸ್ಪಷ್ಟವಾಗಿ ಕಾಣುತ್ತದೆ. ಈ ಮೂರು ವಾರಗಳ ಪುಟದಲ್ಲಿ ಮಾತ್ರ ‘ಮೆಟ್ಟಿಲು, ಎದೆ ಬಿಗಿತ’ ಎಂಬ ಟಿಪ್ಪಣಿಗಳ ಎದುರಿಗೆ 350, 360, 345 ಎಂಬ ಅಂಕಿಗಳಿದ್ದವು. ಕೆಮ್ಮಿಲ್ಲ, ಸುಂಯ್‌ಗುಡುವ ಸದ್ದಿಲ್ಲ, ರಾತ್ರಿ ಎಚ್ಚರವಿಲ್ಲ. ಶ್ವಾಸನಾಳ ಹೆಚ್ಚುಕಡಿಮೆ ತೆರೆದಿರುವಾಗಲೇ ಎದೆ ಬಿಗಿಯುತ್ತಿದೆ ಎಂದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಆ ಪುಟವನ್ನು ಯಾರೂ ತೆರೆದು ನೋಡಿರಲಿಲ್ಲ.

ತುರ್ತು ಘಟಕದಲ್ಲಿ

ನೆಗಡಿಯ ಬೆನ್ನಿಗೇ ನಿಜವಾದ ಅಸ್ತಮಾ ಉಲ್ಬಣವೂ ಬಂತು. ರಾತ್ರಿ ತುರ್ತು ಘಟಕಕ್ಕೆ ಕರೆತಂದಾಗ ರಕ್ತದ ಆಮ್ಲಜನಕ ಶೇ 88, ನಾಡಿಬಡಿತ ನಿಮಿಷಕ್ಕೆ 132. ಆಮ್ಲಜನಕ, ರಕ್ತನಾಳದ ಮೂಲಕ ಸ್ಟೀರಾಯ್ಡ್, ನೆಬ್ಯುಲೈಸರ್‌ನಲ್ಲಿ ಸಾಲ್ಬುಟಮಾಲ್ ಮತ್ತು ಇಪ್ರಟ್ರೋಪಿಯಂ ಕೊಡಲಾಯಿತು. ಎರಡು ಗಂಟೆಗಳಲ್ಲಿ ಎದೆಯ ಸದ್ದು ತಗ್ಗಿತು, ಆಮ್ಲಜನಕ ಶೇ 95ಕ್ಕೆ ಏರಿತು. ಎದೆಯ ಬಿಗಿತ ಮಾತ್ರ ಕದಲಲಿಲ್ಲ. ಕರ್ತವ್ಯದಲ್ಲಿದ್ದ ವೈದ್ಯರು ಈ ಹೊಂದಾಣಿಕೆಯಿಲ್ಲದ ಸಂಗತಿಯನ್ನು ಗಮನಿಸಿ ಇಸಿಜಿ ತೆಗೆಸಿದರು. ಎದೆಯ ಮುಂಭಾಗದ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಕೆಳಗಿಳಿದಿತ್ತು, ಹೃದಯಕ್ಕೆ ರಕ್ತ ಸಾಲದಿರುವುದರ ಸೂಚನೆ ಇದು. ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು, ಸಾಲ್ಬುಟಮಾಲ್ ಪೊಟ್ಯಾಸಿಯಂ ಅನ್ನು ರಕ್ತದಿಂದ ಜೀವಕೋಶಗಳ ಒಳಕ್ಕೆ ತಳ್ಳುತ್ತದೆ, ಸ್ಟೀರಾಯ್ಡ್ ಅದನ್ನು ಮೂತ್ರದ ಮೂಲಕ ಕಳೆಯುತ್ತದೆ, ಎರಡೂ ಸೇರಿದರೆ ಬಡಿತದ ಲಯ ತಪ್ಪುವ ಅಪಾಯ ಬರುತ್ತದೆ.

ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಟ್ರೋಪೋನಿನ್ ಏರಿತ್ತು. ತೀವ್ರ ಉಲ್ಬಣದಲ್ಲಿ ಆಮ್ಲಜನಕದ ಕೊರತೆ ಮತ್ತು ವೇಗದ ಬಡಿತದಿಂದಲೇ ಟ್ರೋಪೋನಿನ್ ಸ್ವಲ್ಪ ಏರಬಹುದು. ಆದ್ದರಿಂದ ಒಂದೇ ಅಂಕಿಯನ್ನು ಹಿಡಿದು ತೀರ್ಮಾನಿಸುವಂತಿಲ್ಲ. ಎರಡನೆಯ ಮಾದರಿಯಲ್ಲಿ ಅದು ಹಲವು ಪಟ್ಟು ಹೆಚ್ಚಿತು. ಎಕೋ ಪರೀಕ್ಷೆಯಲ್ಲಿ ಹೃದಯದ ಮುಂಗೋಡೆಯ ಒಂದು ಭಾಗ ಸರಿಯಾಗಿ ಸಂಕುಚಿಸುತ್ತಿರಲಿಲ್ಲ. ಇದು ಹೃದಯಾಘಾತ ಎಂಬುದು ಖಚಿತವಾಯಿತು.

ಹೃದಯಾಘಾತ ಎಂದೊಡನೆ ಎಲ್ಲೆಡೆಯೂ ಮೊದಲು ಕೊಡುವುದು ಆಸ್ಪಿರಿನ್. ನರ್ಸ್ 300 ಮಿ.ಗ್ರಾಂ. ಮಾತ್ರೆಯನ್ನು ಅಗಿಯಲು ಕೊಡಬೇಕೆನ್ನುವಷ್ಟರಲ್ಲಿ ರೋಗಿಯ ಗಂಡ, “ಇವರಿಗೆ ನೋವಿನ ಮಾತ್ರೆ ಆಗೋದಿಲ್ಲ ಸಿಸ್ಟರ್, ಒಂದು ಸಲ ಉಸಿರೇ ನಿಂತಹಾಗಾಗಿತ್ತು” ಎಂದರು. ನರ್ಸ್ ಕೈ ಹಿಂತೆಗೆದು ವೈದ್ಯರನ್ನು ಕರೆದರು. ಮೂಗಿನ ಪಾಲಿಪ್, ವಯಸ್ಕರಾದ ಮೇಲೆ ಶುರುವಾದ ಅಸ್ತಮಾ, ನೋವುನಿವಾರಕದಿಂದ ಉಸಿರು ಕಟ್ಟುವುದು, ಈ ಮೂರೂ ಕೂಡಿದರೆ ಅದು ಆಸ್ಪಿರಿನ್‌ನಿಂದ ಕೆರಳುವ ಅಸ್ತಮಾ. ವಯಸ್ಕ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 7, ತೀವ್ರ ಅಸ್ತಮಾ ಇರುವವರಲ್ಲಿ ಸುಮಾರು ಶೇ 15 ಮಂದಿಗೆ ಈ ತೊಂದರೆ ಇರುತ್ತದೆ. ಜೀವ ಉಳಿಸಬೇಕಾದ ಮಾತ್ರೆಯೇ ಆ ಹೊತ್ತಿನಲ್ಲಿ ಶ್ವಾಸನಾಳವನ್ನು ಮುಚ್ಚಬಹುದಿತ್ತು. ‘ನೋವಿನ ಮಾತ್ರೆ ಆಗುವುದಿಲ್ಲ’ ಎಂಬ ಅಸ್ಪಷ್ಟ ಸಾಲಿನ ಬದಲು ಕಡತದ ಮೊದಲ ಪುಟದಲ್ಲಿ ರೋಗದ ಹೆಸರೇ ಇದ್ದಿದ್ದರೆ ಎಲ್ಲವೂ ಗಂಡನ ನೆನಪನ್ನು ಅವಲಂಬಿಸಬೇಕಾಗಿರಲಿಲ್ಲ.

ಆಸ್ಪಿರಿನ್ ಬದಲಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ 600 ಮಿ.ಗ್ರಾಂ. ಮತ್ತು ಹೆಪಾರಿನ್ ಕೊಡಲಾಯಿತು. ಇದೇ ಬಗೆಯ ಟಿಕಾಗ್ರೆಲಾರ್ ಅನ್ನು ಉದ್ದೇಶಪೂರ್ವಕವಾಗಿ ಬಿಡಲಾಯಿತು. 2009ರ ಪ್ಲೇಟೊ ಅಧ್ಯಯನದಲ್ಲಿ ಆ ಔಷಧ ತೆಗೆದುಕೊಂಡವರಲ್ಲಿ ಶೇ 13.8 ಮಂದಿಗೆ ಉಸಿರಾಟದ ತೊಂದರೆ ಕಾಣಿಸಿತ್ತು. ಅದು ಶ್ವಾಸನಾಳದ ಸಂಕೋಚನವಲ್ಲದಿದ್ದರೂ, ಇಂಥ ರೋಗಿಯಲ್ಲಿ ಯಾವ ಏದುಸಿರು ಎಲ್ಲಿಂದ ಬಂತೆಂದು ತಿಳಿಯದೆ ಗೊಂದಲವಾಗುತ್ತಿತ್ತು. ಆ್ಯಂಜಿಯೋಗ್ರಾಂನಲ್ಲಿ ಎಡ ಮುಂಭಾಗದ ಅಪಧಮನಿ ಶೇ 85ರಷ್ಟು ಕಿರಿದಾಗಿದ್ದು ಕಂಡು, ಸ್ಟೆಂಟ್ ಹಾಕಲಾಯಿತು. ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಸಂಕಟದ ಹೊತ್ತಿಗೆ ಬೇಕಾದ ಕಾರ್ಟಿಸಾಲ್ ಒದಗಿಸಲಾರದು ಎಂಬ ಕಾರಣಕ್ಕೆ ಈ ಅವಧಿಯುದ್ದಕ್ಕೂ ಹೈಡ್ರೋಕಾರ್ಟಿಸೋನ್ ಮುಂದುವರಿಯಿತು.

ಬೇರೆ ಸಾಧ್ಯತೆಗಳನ್ನೂ ತೂಗಿ ನೋಡಲಾಯಿತು. ಅಸ್ತಮಾ, ಮೂಗಿನ ಕಾಯಿಲೆ, ಹೆಚ್ಚಿನ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ), ಹೃದಯದ ತೊಂದರೆ ಒಟ್ಟಿಗೆ ಕಂಡಾಗ ರಕ್ತನಾಳಗಳ ಉರಿಯೂತದ ಇಜಿಪಿಎ ಎಂಬ ಕಾಯಿಲೆಯನ್ನು ಮರೆಯುವಂತಿಲ್ಲ. ಆ ಕಾಯಿಲೆಯಲ್ಲಿ ಸಾವಿಗೆ ಮುಖ್ಯ ಕಾರಣ ಹೃದಯವೇ. ದಿನವಹಿ ಸ್ಟೀರಾಯ್ಡ್ ಶುರುವಾಗುವ ಮೊದಲಿನ ವರದಿಯಲ್ಲಿ ಇಯೊಸಿನೊಫಿಲ್ 620 ಇದ್ದದ್ದರಿಂದ ಈ ಶಂಕೆಗೆ ಆಧಾರವಿತ್ತು. ಆದರೆ ನರಗಳ ದೌರ್ಬಲ್ಯವಾಗಲಿ ಚರ್ಮದ ಗುರುತುಗಳಾಗಲಿ ಇರಲಿಲ್ಲ, ಆ ಕಾಯಿಲೆಯಲ್ಲಿ ಕಾಣಬಹುದಾದ ಪ್ರತಿಕಾಯ ಹುಡುಕುವ ಎಎನ್‌ಸಿಎ ಪರೀಕ್ಷೆ ನೆಗೆಟಿವ್ ಬಂತು, ಹೃದಯದ ಎಂಆರ್‌ಐನಲ್ಲಿ ಕಂಡ ಹಾನಿ ಕಿರಿದಾದ ಆ ಒಂದು ರಕ್ತನಾಳದ ವ್ಯಾಪ್ತಿಗೇ ಸೀಮಿತವಾಗಿತ್ತು.

ಅಸ್ತಮಾ ಹೃದಯವನ್ನು ಮುಟ್ಟುವ ಬಗೆ

ಅಮೆರಿಕದ ಆರು ಪ್ರದೇಶಗಳಲ್ಲಿ 2000ದಲ್ಲಿ ಆರಂಭವಾದ ಮೆಸಾ ಎಂಬ ಹೃದಯ ಮತ್ತು ರಕ್ತನಾಳಗಳ ಅಧ್ಯಯನದ 6,792 ಮಂದಿಯ ಮಾಹಿತಿಯನ್ನು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದ ವರದಿಯು, ನಿತ್ಯ ನಿಯಂತ್ರಕ ಔಷಧ ಬೇಕಾಗುವಂಥ ಅಸ್ತಮಾ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳಗಳ ಘಟನೆಗಳ ಅಪಾಯ ಅಸ್ತಮಾ ಇಲ್ಲದವರಿಗಿಂತ ಸುಮಾರು 1.6 ಪಟ್ಟು ಎಂದು ತೋರಿಸಿತು. ವಯಸ್ಸು, ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಅಸ್ತಮಾದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇದು ವೀಕ್ಷಣಾ ಅಧ್ಯಯನ. ಅಸ್ತಮಾವೇ ಹೃದ್ರೋಗವನ್ನು ತಂದಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ತೀವ್ರತೆ ಮತ್ತು ಸ್ಟೀರಾಯ್ಡ್ ಮಾತ್ರೆ ಒಂದಕ್ಕೊಂದು ಹೆಣೆದುಕೊಂಡಿರುವಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಆದರೂ ರೋಗಿಯ ಮುಂದೆ ಕುಳಿತ ವೈದ್ಯರಿಗೆ ಈ ಬಿಡಿಸುವಿಕೆ ಮುಗಿಯುವವರೆಗೆ ಕಾಯುವ ಅವಕಾಶವಿಲ್ಲ ಎಂದು ನಾನು ನಂಬುತ್ತೇನೆ.

ಉರಿಯೂತವು ಒಂದು ದಾರಿ. ತೀವ್ರ ಅಸ್ತಮಾದ ಉರಿಯೂತ ಶ್ವಾಸನಾಳದೊಳಗೇ ಉಳಿಯುವುದಿಲ್ಲ. ಮೆಸಾದಲ್ಲಿಯೇ ನಿರಂತರ ಅಸ್ತಮಾ ಇದ್ದವರ ರಕ್ತದಲ್ಲಿ ಉರಿಯೂತದ ಸೂಚಕಗಳಾದ ಸಿಆರ್‌ಪಿ ಮತ್ತು ಫೈಬ್ರಿನೋಜೆನ್ ಹೆಚ್ಚಿದ್ದವು. ಅಪಧಮನಿಯ ಗೋಡೆಯಲ್ಲಿ ಕೊಬ್ಬು ಕಟ್ಟುವುದರ ಹಿಂದೆಯೂ ಉರಿಯೂತವಿದೆ ಎಂಬುದಕ್ಕೆ 2017ರ ಕ್ಯಾಂಟೋಸ್ ಪ್ರಯೋಗ ಬಲವಾದ ಆಧಾರ ಕೊಟ್ಟಿತು: ಎಲ್‌ಡಿಎಲ್ ಅನ್ನು ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸಿದಾಗಲೂ ಹೃದಯದ ಘಟನೆಗಳು ಕಡಿಮೆಯಾದವು. ಅಲ್ಲಿ ತಡೆಹಿಡಿದ ಉರಿಯೂತದ ಕೊಂಡಿ ಅಸ್ತಮಾದಲ್ಲಿ ಪ್ರಮುಖವಾದ ಕೊಂಡಿಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಎರಡನೆಯ ದಾರಿ ಚಿಕಿತ್ಸೆಯದು, ಮತ್ತು ಈ ರೋಗಿಯಲ್ಲಿ ಅತಿ ಸ್ಪಷ್ಟವಾಗಿ ಕಾಣುವುದೂ ಅದೇ. ಸ್ಟೀರಾಯ್ಡ್ ಮಾತ್ರೆಗಳು ರಕ್ತದೊತ್ತಡ, ಸಕ್ಕರೆ, ಕೊಬ್ಬು, ತೂಕ ನಾಲ್ಕನ್ನೂ ಏರಿಸುತ್ತವೆ. ಥಿಯೊಫಿಲಿನ್‌ನಲ್ಲಿ ಗುಣ ಕೊಡುವ ಪ್ರಮಾಣಕ್ಕೂ ಬಡಿತದ ಲಯ ಕೆಡಿಸುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ. ಸಿಪ್ರೊಫ್ಲಾಕ್ಸಾಸಿನ್ ಅಥವಾ ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆಗೂಡಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಶ್ವಾಸನಾಳ ಹಿಗ್ಗಿಸುವ ಔಷಧಗಳ ಚರಿತ್ರೆಯೂ ಎಚ್ಚರಿಕೆಯದೇ: ನ್ಯೂಜಿಲೆಂಡ್‌ನಲ್ಲಿ 1976ರಲ್ಲಿ ಫೆನೊಟೆರಾಲ್ ಇನ್ಹೇಲರ್ ಬಳಕೆಗೆ ಬಂದ ಬೆನ್ನಿಗೇ ಅಸ್ತಮಾ ಸಾವುಗಳು ಏರಿದ್ದವು, 1989ರಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿದ ಬಳಿಕ ಇಳಿದವು. ಇದನ್ನು ಓದಿ ಯಾರೂ ಇನ್ಹೇಲರ್ ಬಿಡಬಾರದು. ಉಸಿರಿನ ಮೂಲಕ ನಿತ್ಯ ತೆಗೆದುಕೊಳ್ಳುವ ಸ್ಟೀರಾಯ್ಡ್ ಉಲ್ಬಣಗಳನ್ನು ತಡೆಯುತ್ತದೆ, ಮಾತ್ರೆಯ ಅಗತ್ಯವನ್ನು ಕಡಿಮೆ ಮಾಡುತ್ತದೆ. ಅದನ್ನು ಬಿಟ್ಟವರೇ ಹೆಚ್ಚಿನ ಅಪಾಯಕ್ಕೆ ಸಿಲುಕುತ್ತಾರೆ.

ಇನ್ನು ಉಲ್ಬಣವೇ ಹೃದಯಕ್ಕೆ ಒಂದು ಪರೀಕ್ಷೆ. ಆಮ್ಲಜನಕ ಇಳಿಯುತ್ತದೆ, ಬಡಿತ ಏರುತ್ತದೆ, ಪೊಟ್ಯಾಸಿಯಂ ಕುಸಿಯುತ್ತದೆ. ಉಸಿರಿಗೆ ಹೆದರಿ ನಡಿಗೆ ಕಡಿಮೆಯಾಗಿ ತೂಕ ಹೆಚ್ಚುವುದು ನಿಧಾನವಾಗಿ ಇದಕ್ಕೆ ಸೇರಿಕೊಳ್ಳುತ್ತದೆ.

ಲೆಕ್ಕಕ್ಕೆ ಬಾರದ ಅಪಾಯ

ಹೃದಯಾಘಾತಕ್ಕೆ ಎರಡು ವರ್ಷ ಮೊದಲು ಒಂದು ಆರೋಗ್ಯ ತಪಾಸಣೆಯಲ್ಲಿ ಇವರ ಹತ್ತು ವರ್ಷಗಳ ಹೃದಯದ ಅಪಾಯವನ್ನು ಲೆಕ್ಕ ಹಾಕಿ ‘ಕಡಿಮೆ’ ಎಂದು ಬರೆಯಲಾಗಿತ್ತು. ಸೂತ್ರದ ದೃಷ್ಟಿಯಿಂದ ಅದು ಸರಿಯೇ: ಮಹಿಳೆ, 50 ವರ್ಷ, ಧೂಮಪಾನವಿಲ್ಲ, ಮಧುಮೇಹವಿಲ್ಲ. ಫ್ರೇಮಿಂಗ್‌ಹ್ಯಾಮ್ ಸೂತ್ರದಲ್ಲಾಗಲಿ, ಅಮೆರಿಕದಲ್ಲಿ 2013ರಿಂದ ಬಳಕೆಗೆ ಬಂದ ಸೂತ್ರದಲ್ಲಾಗಲಿ ಅಸ್ತಮಾದ ಪ್ರಶ್ನೆಯೇ ಇಲ್ಲ. ಬ್ರಿಟನ್ನಿನ ಕ್ಯೂರಿಸ್ಕ್‌-3 (2017) ಮಾತ್ರ ನಿಯಮಿತವಾಗಿ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳುತ್ತದೆ. ತೀವ್ರ ಅಸ್ತಮಾದ ರೋಗಿಗೆ ಸೂತ್ರವು ‘ಕಡಿಮೆ’ ಎಂದಾಗ ಅದನ್ನು ಕೊನೆಯ ಮಾತೆಂದು ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಳತೆ, ಬೇಕೆನಿಸಿದರೆ ಹೃದಯದ ರಕ್ತನಾಳಗಳ ಕ್ಯಾಲ್ಸಿಯಂ ಅಳೆಯುವ ಸಿಟಿ ಸ್ಕ್ಯಾನ್, ಇವು ಶ್ವಾಸಕೋಶದ ಚಿಕಿತ್ಸಾಲಯದಲ್ಲೇ ನಡೆಯಬೇಕಾದ ಕೆಲಸ. ಪರೀಕ್ಷೆಯ ಆಯ್ಕೆಯಲ್ಲೂ ಎಚ್ಚರ ಬೇಕು: ಹೃದಯದ ಸ್ಟ್ರೆಸ್ ಸ್ಕ್ಯಾನ್‌ನಲ್ಲಿ ಬಳಸುವ ಅಡಿನೊಸಿನ್ ಅಸ್ತಮಾ ರೋಗಿಯ ಶ್ವಾಸನಾಳವನ್ನು ಬಿಗಿಸಬಲ್ಲದು, ಆದ್ದರಿಂದ ಡೊಬುಟಮೈನ್‌ನಂಥ ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಮುಂದಿನ ಚಿಕಿತ್ಸೆ

ಸ್ಟೆಂಟ್ ಹಾಕಿದ ಮೇಲೆ ಸಾಮಾನ್ಯವಾಗಿ ಆಸ್ಪಿರಿನ್ ಬೇಕಾಗುತ್ತದೆ. ಉಸಿರಾಟ ಪೂರ್ತಿ ಸ್ಥಿರವಾದ ಬಳಿಕ ತೀವ್ರ ನಿಗಾ ಘಟಕದಲ್ಲಿ, ಕೆಲವೇ ಮಿ.ಗ್ರಾಂ.ನಿಂದ ಶುರುಮಾಡಿ ಹಂತಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲೂ ಶ್ವಾಸಕೋಶದ ಸಾಮರ್ಥ್ಯ ಅಳೆಯುತ್ತ ದೇಹವನ್ನು ಆಸ್ಪಿರಿನ್‌ಗೆ ಒಗ್ಗಿಸಲಾಯಿತು. ನಡುವೆ ಒಮ್ಮೆ ಮೂಗು ಸುರಿದು ಅಳತೆ ಇಳಿಯಿತು. ಔಷಧ ಕೊಟ್ಟು, ಕಾಯ್ದು, ಅದೇ ಪ್ರಮಾಣವನ್ನು ಮತ್ತೆ ಕೊಟ್ಟು ಮುಂದುವರಿಯಲಾಯಿತು. ಈಗ ದಿನಕ್ಕೆ 75 ಮಿ.ಗ್ರಾಂ. ನಡೆಯುತ್ತಿದೆ. ಎರಡು ಮೂರು ದಿನ ತಪ್ಪಿಸಿದರೆ ಒಗ್ಗಿದ್ದು ಕಳೆದುಹೋಗುತ್ತದೆ, ಮತ್ತೆ ಮನೆಯಲ್ಲೇ ಶುರುಮಾಡುವಂತಿಲ್ಲ ಎಂಬುದನ್ನು ಅವರಿಗೂ ಗಂಡನಿಗೂ ಬರೆದು ಕೊಡಲಾಗಿದೆ.

ಹೃದಯ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ವಿಷಯದಲ್ಲಿ ಚರ್ಚೆ ನಡೆಯಿತು. ಪ್ರೊಪ್ರಾನೊಲಾಲ್‌ನಂಥವು ಅಸ್ತಮಾದಲ್ಲಿ ನಿಷಿದ್ಧ. ಹೃದಯವನ್ನೇ ಹೆಚ್ಚಾಗಿ ಗುರಿಯಾಗಿಸುವ ಬಿಸೊಪ್ರೊಲಾಲ್‌ನಂಥವನ್ನು ನಿಜವಾಗಿ ಅಗತ್ಯವಿದ್ದರೆ ಸಣ್ಣ ಪ್ರಮಾಣದಿಂದ ಎಚ್ಚರದಲ್ಲಿ ಕೊಡಬಹುದು. ಇವರ ಹೃದಯದ ಪಂಪ್ ಸಾಮರ್ಥ್ಯ ಶೇ 54 ಇತ್ತು, ಲಯದ ತೊಂದರೆ ಇರಲಿಲ್ಲ. 2024ರ ರೆಡ್ಯೂಸ್-ಎಎಂಐ ಪ್ರಯೋಗದಲ್ಲಿ ಈ ಸಾಮರ್ಥ್ಯ ಶೇ 50 ಅಥವಾ ಹೆಚ್ಚಿದ್ದವರಿಗೆ ಬೀಟಾ ಬ್ಲಾಕರ್‌ನಿಂದ ಸಾವು ಅಥವಾ ಮರು ಹೃದಯಾಘಾತ ಕಡಿಮೆಯಾಗಲಿಲ್ಲ. ಆದ್ದರಿಂದ ಅದನ್ನು ಕೊಡದಿರಲು ತೀರ್ಮಾನಿಸಲಾಯಿತು. ರಕ್ತದೊತ್ತಡಕ್ಕೆ ಕೆಮ್ಮು ತರಬಲ್ಲ ರಾಮಿಪ್ರಿಲ್ ಬದಲು ಟೆಲ್ಮಿಸಾರ್ಟನ್, ಕೊಲೆಸ್ಟರಾಲ್‌ಗೆ ಅಟೊರ್ವಾಸ್ಟಾಟಿನ್ ಶುರುವಾಯಿತು. ಥಿಯೊಫಿಲಿನ್ ನಿಲ್ಲಿಸಲಾಯಿತು.

ಅಸ್ತಮಾದ ಕಡೆಯಿಂದ ಗುರಿ ಒಂದೇ: ಉಲ್ಬಣಗಳನ್ನು ತಡೆದು ಸ್ಟೀರಾಯ್ಡ್ ಮಾತ್ರೆಯನ್ನು ಇಳಿಸುವುದು. ಇಯೊಸಿನೊಫಿಲ್ ಹೆಚ್ಚಿದ್ದ ದಾಖಲೆ ಮತ್ತು ಪಾಲಿಪ್ ಎರಡನ್ನೂ ಗಮನಿಸಿ ನಾಲ್ಕು ವಾರಗಳಿಗೊಮ್ಮೆ ಚರ್ಮದಡಿ 100 ಮಿ.ಗ್ರಾಂ. ಮೆಪೊಲಿಜುಮಾಬ್ ಎಂಬ, ಇಯೊಸಿನೊಫಿಲ್ ತಗ್ಗಿಸುವ ಜೈವಿಕ ಔಷಧ ಆರಂಭಿಸಲಾಯಿತು. ಸ್ಟೀರಾಯ್ಡ್ ಮಾತ್ರೆ ಅವಲಂಬಿಸಿದವರಲ್ಲಿ ಇದರಿಂದ ಮಾತ್ರೆಯ ಪ್ರಮಾಣ ಮಧ್ಯಮಾಂಕದಲ್ಲಿ ಶೇ 50ರಷ್ಟು ಇಳಿದದ್ದನ್ನು 2014ರ ಸಿರಿಯಸ್ ಪ್ರಯೋಗ ತೋರಿಸಿದೆ. ಇನ್ನೊಂದು ಜೈವಿಕ ಔಷಧವಾದ ಒಮಾಲಿಜುಮಾಬ್ ಪರಿಗಣಿಸದಿರಲು, ಹೃದಯ ಮತ್ತು ಮಿದುಳಿನ ರಕ್ತನಾಳಗಳ ತೊಂದರೆ ಸ್ವಲ್ಪ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಸೇರಿಸಿದ ಸೂಚನೆಯೂ ಒಂದು ಕಾರಣ. ಈ ಜೈವಿಕ ಔಷಧಗಳಿಂದ ಹೃದಯಾಘಾತವೇ ಕಡಿಮೆಯಾಗುತ್ತದೆ ಎಂಬುದು ಇನ್ನೂ ಸಾಬೀತಾದ ಮಾತಲ್ಲ. ಇಲ್ಲಿ ನಿರೀಕ್ಷೆ ಇರುವುದು ಸ್ಟೀರಾಯ್ಡ್ ಮತ್ತು ಉಲ್ಬಣಗಳ ಇಳಿಕೆಯ ಮೇಲೆ. ಸಾಲ್ಬುಟಮಾಲ್ ಬದಲಿಗೆ, ನಿತ್ಯಕ್ಕೂ ಉಪಶಮನಕ್ಕೂ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಒಂದೇ ಇನ್ಹೇಲರ್ ಕೊಡಲಾಯಿತು. ಫ್ಲೂ ಲಸಿಕೆ ಎರಡೂ ಕಾಯಿಲೆಗಳಿಗೆ ಒಳ್ಳೆಯದೆಂದು ಪ್ರತಿವರ್ಷಕ್ಕೆ ನಿಗದಿಯಾಯಿತು.

ಎದೆ ಬಿಗಿದಾಗ ಏನು ಮಾಡಬೇಕೆಂಬ ಬರಹವೂ ಬದಲಾಯಿತು. ಪೀಕ್ ಫ್ಲೋ ಅಳತೆ ತಮ್ಮ ಅತ್ಯುತ್ತಮದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದ್ದರೆ ಅಸ್ತಮಾದ ಕ್ರಮ. ಅಳತೆ ಎಂದಿನಂತಿದ್ದೂ ಬಿಗಿತವಿದ್ದರೆ, ಅಥವಾ ದವಡೆ ಇಲ್ಲವೇ ತೋಳಿಗೆ ಹರಡಿದರೆ, ನಾಲಗೆಯಡಿ ನೈಟ್ರೊಗ್ಲಿಸರಿನ್; ಐದು ನಿಮಿಷದಲ್ಲಿ ಇಳಿಯದಿದ್ದರೆ ಆಂಬುಲೆನ್ಸ್. ಅಳೆಯಲೂ ಆಗದಷ್ಟು ಕಷ್ಟವಿದ್ದರೆ ನೇರವಾಗಿ ಆಂಬುಲೆನ್ಸ್.

ಹನ್ನೆರಡು ತಿಂಗಳ ನಂತರ ಸ್ಟೀರಾಯ್ಡ್ ಸರಣಿ ಐದರಿಂದ ಒಂದಕ್ಕೆ ಇಳಿದಿದೆ, ರಕ್ತದೊತ್ತಡ 128/78, ಎಚ್‌ಬಿಎ1ಸಿ ಶೇ 5.9. ಎಲ್‌ಡಿಎಲ್ 62 ಇದ್ದು 55ರ ಕೆಳಗಿನ ಗುರಿ ಮುಟ್ಟದ ಕಾರಣ ಎಜೆಟಿಮೈಬ್ ಸೇರಿಸಲಾಗಿದೆ. ಪ್ರೆಡ್ನಿಸೊಲೋನ್ ದಿನಕ್ಕೆ 2.5 ಮಿ.ಗ್ರಾಂ.ಗೆ ಬಂದು ನಿಂತಿದೆ. ಬೆಳಗಿನ ಕಾರ್ಟಿಸಾಲ್ ಮಟ್ಟ ಇನ್ನೂ ಕಡಿಮೆ ಇರುವುದರಿಂದ ಅದನ್ನು ಪೂರ್ತಿ ನಿಲ್ಲಿಸಿಲ್ಲ. ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ ನಿರ್ಧರಿಸಲಾಗುವುದು, ಅಲ್ಲಿಯವರೆಗೆ ಸ್ಟೀರಾಯ್ಡ್ ಎಚ್ಚರಿಕೆಯ ಚೀಟಿ ಅವರ ಬಳಿ ಸದಾ ಇರಬೇಕೆಂದು ತಿಳಿಸಲಾಗಿದೆ.